ಏಳನೆಯ ವರ್ಷದ ಬಿಡುಗಡೆ, ಆರನೆಯ ವರ್ಷದ ಮುಚ್ಚಿದ ಕೈ

ಪ್ರತಿ ಸಂಜೆ ಜಪಸರದ ವೇಳೆಯಲ್ಲಿ ನಮ್ಮ ಮನೆಗಳಲ್ಲಿ ಪರಲೋಕ ಮಂತ್ರವನ್ನು ಆರು ಬಾರಿಯಾದರೂ ಉಚ್ಚರಿಸುತ್ತೇವೆ. ತಪ್ಪುಗಳ ಕ್ಷಮೆಯನ್ನು ಬೇಡುವ ಅದರ ವಾಕ್ಯದಲ್ಲಿ ಸಂತ ಮತ್ತಾಯರು ಬಳಸಿರುವ ಗ್ರೀಕ್ ಪದವು ವಾಸ್ತವವಾಗಿ ಲೇವಾದೇವಿಯ ಪದ. ‘ಸಾಲ’ ಎಂಬುದೇ ಅದರ ನೇರವಾದ ಅರ್ಥ. ಸಂತ ಲೂಕರು ‘ಪಾಪ’ ಎಂದು ಆರಂಭಿಸಿದರೂ ಮುಂದಿನ ಮಾತಿನಲ್ಲಿ ನಮಗೆ ಸಾಲಗಾರರಾದವರನ್ನೇ ಹೆಸರಿಸುತ್ತಾರೆ. ಯೇಸುಸ್ವಾಮಿಯವರು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ‘ಹೋಬಾ’ ಎಂಬ ಒಂದೇ ಪದವಿತ್ತು. ಕನ್ನಡದಲ್ಲಿ ‘ತಪ್ಪು’ ಎಂದು ಪ್ರಾರ್ಥಿಸುವ ನಾವು ಆ ಪದದ ಅರ್ಧವನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದೇವೆ. ಕೈಯಲ್ಲಿ ಪತ್ರ ಹಿಡಿದು ಬಾಗಿಲಲ್ಲಿ ನಿಂತ ಸಾಲಿಗನನ್ನು ಕಂಡಿದ್ದ ಗಲಿಲೇಯದ ರೈತನು ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡಿರಬೇಕು.

2025ರ ಜ್ಯೂಬಿಲಿ ವರ್ಷದ ಉದ್ದಕ್ಕೂ, ಅಂದರೆ 2024ರ ಡಿಸೆಂಬರ್ 24ರಂದು ರೋಮಿನ ಪವಿತ್ರ ದ್ವಾರವು ತೆರೆದಂದಿನಿಂದ 2026ರ ಜನವರಿ 6ರಂದು ಅದು ಮುಚ್ಚುವವರೆಗೆ, ಯಾತ್ರೆ, ಪಾಪನಿವೇದನೆ, ದಂಡವಿಮೋಚನೆಗಳ ಕುರಿತು ನಮ್ಮ ಪೀಠಗಳಿಂದ ಸಾಕಷ್ಟು ಬೋಧನೆ ನಡೆಯಿತು. ಆದರೆ ಜ್ಯೂಬಿಲಿಯ ಮೂಲವಾದ ಸಾಲವಿಮೋಚನೆಯ ವಿಚಾರವು ಅಷ್ಟಾಗಿ ಬರಲಿಲ್ಲ. ಪೋಪ್ ಫ್ರಾನ್ಸಿಸ್ ಅವರು ಆ ವರ್ಷವನ್ನು ಸಾರಿದ ಪತ್ರದಲ್ಲಿ, ಎಂದಿಗೂ ತೀರಿಸಲಾಗದ ಬಡ ರಾಷ್ಟ್ರಗಳ ಸಾಲವನ್ನು ಶ್ರೀಮಂತ ರಾಷ್ಟ್ರಗಳು ಮನ್ನಾ ಮಾಡಬೇಕೆಂದು ಕೇಳಿದ್ದರು. ಅದನ್ನು ನಾವು ರಾಷ್ಟ್ರಗಳ ವಿಷಯವೆಂದು ಬದಿಗಿಟ್ಟೆವು. ಅದೇ ವರ್ಷದ ಆರಂಭದಲ್ಲಿ ನಮ್ಮ ನಂಜನಗೂಡು, ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಕಿರುಸಾಲದ ವಸೂಲಿಗೆ ಹೆದರಿ ಜನರು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಎರಡು ಸುದ್ದಿಗಳೂ ಒಂದೇ ಎಂದು ಎಷ್ಟು ಮಂದಿಗೆ ತೋರಿತು?

ಇಸ್ರಯೇಲರ ಶಾಸನವು ಸಾಲವನ್ನು ನೋಡುವ ಬಗೆ ಅದರ ಪದಗಳಲ್ಲೇ ಗೋಚರಿಸುತ್ತದೆ. ನಮ್ಮ ‘ಬಡ್ಡಿ’ಯು ಸಂಸ್ಕೃತದ ‘ವೃದ್ಧಿ’ಯಿಂದ ಬಂದದ್ದು, ಬೆಳೆಯುವುದು ಎಂದರ್ಥ. ಹೀಬ್ರೂ ಭಾಷೆಯಲ್ಲಿಯೂ ಹೆಚ್ಚಳ ಎಂಬರ್ಥದ ಪದವುಂಟು. ಆದರೆ ಅದರ ಜೊತೆಗೆ ‘ನೆಷೆಕ್’ ಎಂಬ ಇನ್ನೊಂದು ಪದವಿದೆ. ಹಾವು ಕಚ್ಚುವುದಕ್ಕೆ ಬಳಸುವ ಧಾತುವೇ ಅದರದ್ದು. ಒಂದು ಪದ ಕೊಟ್ಟವನ ಲೆಕ್ಕದಿಂದ ಹುಟ್ಟಿದೆ, ಇನ್ನೊಂದು ಪಡೆದವನ ಮೈಯಿಂದ. ತನ್ನ ಜನರಲ್ಲಿ ಬಡವನಾದವನಿಂದ ಬಡ್ಡಿ ತೆಗೆದುಕೊಳ್ಳಬಾರದೆಂದು ವಿಮೋಚನಕಾಂಡವೂ ಯಾಜಕಕಾಂಡವೂ ಧರ್ಮೋಪದೇಶಕಾಂಡವೂ ವಿಧಿಸುತ್ತವೆ. ಪರದೇಶಿಯ ವಿಷಯದಲ್ಲಿ ಮಾತ್ರ ಧರ್ಮೋಪದೇಶಕಾಂಡವು ಬಡ್ಡಿಗೂ ವಸೂಲಿಗೂ ಎಡೆಕೊಡುತ್ತದೆ. ಈ ಮಿತಿಯನ್ನು ಮುಚ್ಚಿಡುವುದು ಸತ್ಯಸಂಧತೆಯಲ್ಲ.

ಅಡವಿನ ನಿಯಮಗಳು ಇನ್ನೂ ಸೂಕ್ಷ್ಮವಾದವು. ಬೀಸುವ ಕಲ್ಲನ್ನು, ಅದರ ಮೇಲಿನ ಒಂದು ಕಲ್ಲನ್ನು ಕೂಡ, ಅಡವಾಗಿ ತೆಗೆದುಕೊಳ್ಳಕೂಡದು. ಅದನ್ನು ಕೊಂಡೊಯ್ದರೆ ಮನೆಯವರ ಅನ್ನವನ್ನೇ ಕೊಂಡೊಯ್ದಂತೆ. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಹೊತ್ತು ಮುಳುಗುವ ಮುನ್ನ ಹಿಂದಿರುಗಿಸಬೇಕು, ಏಕೆಂದರೆ ರಾತ್ರಿ ಅವನ ಮೈಗೆ ಬೇರೆ ಏನೂ ಇಲ್ಲ. ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ ಒಂದು ಪುಟ್ಟ ವಿಧಿ: ಸಾಲ ಕೊಟ್ಟವನು ಅಡವನ್ನು ತರಲು ಸಾಲಗಾರನ ಮನೆಯೊಳಕ್ಕೆ ಹೋಗಬಾರದು. ಹೊರಗೆ ನಿಲ್ಲಬೇಕು. ಒಳಗಿರುವವನೇ ಅದನ್ನು ಹೊರಗೆ ತಂದುಕೊಡಬೇಕು. ಹೊಸ್ತಿಲ ಒಳಗಿನ ಮಾನ ಸಾಲಕ್ಕೆ ಸೇರಿದ್ದಲ್ಲ ಎಂಬುದು ಇದರ ಆಶಯ.

ಇದೆಲ್ಲ ಕೇವಲ ಬರಹವಾಗಿತ್ತೇ, ಬದುಕಿನಲ್ಲಿಯೂ ಇತ್ತೇ? 1960ರಲ್ಲಿ ಇಸ್ರಯೇಲಿನ ಕರಾವಳಿಯಲ್ಲಿ, ಯಾವ್ನೆ ಪಟ್ಟಣದ ಸಮೀಪದಲ್ಲಿರುವ ಹಳೆಯ ಕೋಟೆಯೊಂದರಲ್ಲಿ ಉತ್ಖನನ ನಡೆದಾಗ ಮಡಕೆಯ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಒಂದು ಅಹವಾಲು ದೊರೆಯಿತು. ಕಾಲ, ಕ್ರಿ.ಪೂ. ಏಳನೆಯ ಶತಮಾನದ ಉತ್ತರಾರ್ಧ. ಬರೆಸಿದವನು ಕೊಯ್ಲಿನ ಆಳು. ತಾನು ಒಪ್ಪಿದಷ್ಟು ಕೊಯ್ದು ಅಳೆದು ಮುಗಿಸಿದ್ದರೂ ಮೇಲ್ವಿಚಾರಕನು ತನ್ನ ಹೊದಿಕೆಯನ್ನು ಕಿತ್ತುಕೊಂಡು ದಿನಗಳಾದವು, ಜೊತೆಯಲ್ಲಿ ಬಿಸಿಲಿನಲ್ಲಿ ಕೊಯ್ದವರೆಲ್ಲ ಸಾಕ್ಷಿ ಹೇಳುವರು, ಅಧಿಕಾರಿಯು ಅದನ್ನು ಹಿಂದೆ ಕೊಡಿಸಬೇಕು ಎಂದು ಅವನ ಬೇಡಿಕೆ. ಅವನು ಶಾಸ್ತ್ರದ ಯಾವ ವಾಕ್ಯವನ್ನೂ ಉದ್ಧರಿಸುವುದಿಲ್ಲ. ಆದರೂ ಹೊದಿಕೆ ತನ್ನ ಹಕ್ಕು ಎಂದು ಅವನಿಗೆ ಗೊತ್ತು. ಬೈಬಲಿನ ಹೊರಗೆ ನಮಗೆ ಸಿಕ್ಕಿರುವ ಬಡವನೊಬ್ಬನ ದನಿಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಅಪರೂಪ.

ಈಗ ಬಿಡುಗಡೆಯ ವಿಷಯ. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯವು ಪ್ರತಿ ಏಳು ವರ್ಷಗಳ ಕೊನೆಯಲ್ಲಿ ‘ಶೆಮಿಟ್ಟಾ’ವನ್ನು ವಿಧಿಸುತ್ತದೆ. ಹಿಡಿದದ್ದನ್ನು ಕೈಯಿಂದ ಬಿಟ್ಟುಬಿಡುವುದು ಎಂದು ಆ ಪದದ ಅರ್ಥ. ಆ ವರ್ಷಕ್ಕೆ ಮಾತ್ರ ವಸೂಲಿಯನ್ನು ತಡೆಯಬೇಕೆಂದೋ ಸಾಲವೇ ರದ್ದೆಂದೋ ಪಂಡಿತರಲ್ಲಿ ವಾದವಿದೆ. ಯೆಹೂದ್ಯ ಪರಂಪರೆಯು ರದ್ದೆಂದೇ ಗ್ರಹಿಸಿತು. ವಾಕ್ಯದ ಓಟವೂ ಅತ್ತಲೇ ಇದೆ. ಯಾಜಕಕಾಂಡದ 25ನೆಯ ಅಧ್ಯಾಯವಾದರೋ ಐವತ್ತನೆಯ ವರ್ಷದ ಜ್ಯೂಬಿಲಿಯಲ್ಲಿ ಮಾರಿಹೋದ ಜಮೀನು ಮೂಲ ಕುಟುಂಬಕ್ಕೆ ಮರಳಬೇಕೆನ್ನುತ್ತದೆ. ಭೂಮಿ ದೇವರದು, ನಾವು ಅದರಲ್ಲಿ ತಂಗಿದವರು ಮಾತ್ರ. ಆದುದರಿಂದ ಮಾರಾಟವಾಗುವುದು ನೆಲವಲ್ಲ, ಮುಂದಿನ ಜ್ಯೂಬಿಲಿಯವರೆಗಿನ ಬೆಳೆಗಳ ಸಂಖ್ಯೆ.

ಸಾಲಮನ್ನಾ ಇಸ್ರಯೇಲರ ಸ್ವಂತ ಕಲ್ಪನೆಯೇನೂ ಅಲ್ಲ. ಬಾಬಿಲೋನಿನ ಅರಸರು ಅವರಿಗಿಂತ ಎಷ್ಟೋ ಶತಮಾನಗಳ ಮೊದಲೇ ಬಡವರ ಸಾಲದ ಪತ್ರಗಳನ್ನು ರದ್ದುಗೊಳಿಸುವ ರಾಜಾಜ್ಞೆ ಹೊರಡಿಸುತ್ತಿದ್ದರು. ಕ್ರಿ.ಪೂ. 17ನೆಯ ಶತಮಾನದ ಅಮ್ಮಿಸದುಕ ಎಂಬ ಅರಸನ ಆಜ್ಞೆ ಇಂದಿಗೂ ಉಳಿದಿದೆ. ಹಮ್ಮುರಾಬಿಯ ಶಾಸನವು ಸಾಲಕ್ಕಾಗಿ ಮಾರಲ್ಪಟ್ಟ ಹೆಂಡತಿ ಮಕ್ಕಳನ್ನು ನಾಲ್ಕನೆಯ ವರ್ಷದಲ್ಲಿ ಬಿಡುಗಡೆ ಮಾಡಬೇಕೆನ್ನುತ್ತದೆ. ಹಾಗಾದರೆ ಮೋಶೆಯ ಧರ್ಮಶಾಸ್ತ್ರದ ಹೊಸತನವೇನು? ಬಾಬಿಲೋನಿನಲ್ಲಿ ಋಣಮುಕ್ತಿಯು ಸಿಂಹಾಸನದಿಂದ ಇಳಿಯುತ್ತಿತ್ತು. ಹೊಸ ಅರಸನು ಪಟ್ಟಕ್ಕೆ ಬಂದಾಗ, ರಾಜ್ಯ ಕುಸಿಯುವಂತಾದಾಗ, ಅವನ ಕೃಪೆಯಾಗಿ ಬರುತ್ತಿತ್ತು. ಪಡೆದವನು ಅವನನ್ನು ಕೊಂಡಾಡಬೇಕು. ಇಸ್ರಯೇಲಿನಲ್ಲಿ ಅದು ಪಂಚಾಂಗಕ್ಕೆ ಇಳಿಯಿತು. ವಿಶ್ರಾಂತಿಯ ದಿನ ಬರುವಂತೆ ಬಿಡುಗಡೆಯ ವರ್ಷ ಬರಬೇಕು. ಯಾರಿಗೂ ಕೈಮುಗಿಯಬೇಕಾಗಿಲ್ಲ. ತತ್ತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಪ್ರಭುವಿನ ಇಚ್ಛೆಗೆ ಸೇರಿದ್ದ ಸಂಗತಿಯನ್ನು ಕಾಲದ ರಚನೆಗೇ ಸೇರಿಸಲಾಯಿತು.

ಆದರೆ ಇದರಲ್ಲೇ ಒಂದು ತೊಡಕು ಅಡಗಿದೆ. ಅನಿರೀಕ್ಷಿತವಾಗಿ ಬರುವ ರಾಜಾಜ್ಞೆಗೆ ಯಾರೂ ಮೊದಲೇ ಸಿದ್ಧರಾಗಲಾರರು. ತಿಂಗಳು ದಿನ ಸಹಿತ ಗೊತ್ತಿರುವ ಬಿಡುಗಡೆಗೆ ಸಾಲ ಕೊಡುವವನು ಖಂಡಿತ ಸಿದ್ಧನಾಗುತ್ತಾನೆ. ಏಳನೆಯ ವರ್ಷ ಹತ್ತಿರವಾಯಿತು, ಈಗ ಕೊಟ್ಟರೆ ಬಾರದು ಎಂದು ಆರನೆಯ ವರ್ಷದಲ್ಲಿ ಕೈ ಮುಚ್ಚುತ್ತಾನೆ. ಶಾಸನಕರ್ತನಿಗೆ ಇದು ಚೆನ್ನಾಗಿ ಗೊತ್ತು. ಅದೇ ಅಧ್ಯಾಯದ ಒಂಬತ್ತನೆಯ ವಾಕ್ಯವು ಈ ಲೆಕ್ಕಾಚಾರವನ್ನು ನೀಚವಾದ ಯೋಚನೆಯೆಂದು ಹೆಸರಿಟ್ಟು ಕರೆಯುತ್ತದೆ, ಬಡವನು ದೇವರಿಗೆ ಮೊರೆಯಿಟ್ಟರೆ ಅದು ಪಾಪವಾಗುವುದೆಂದು ಎಚ್ಚರಿಸುತ್ತದೆ. ದಂಡವಿಲ್ಲ, ನ್ಯಾಯಾಲಯವಿಲ್ಲ. ಬಡವರು ನಾಡಿನಲ್ಲಿ ಎಂದಿಗೂ ಇಲ್ಲದಿರರು ಎಂಬ ಮಾತು ಬರುವುದೂ ಇಲ್ಲಿಯೇ, ಆದುದರಿಂದ ಕೈ ತೆರೆದಿರಲಿ ಎಂಬ ಆಜ್ಞೆಯ ಕಾರಣವಾಗಿ. ಬೆಥಾನಿಯಲ್ಲಿ ಯೇಸುಸ್ವಾಮಿ ಈ ಮಾತನ್ನು ನೆನಪಿಸಿದರು. ಅದರ ಮೊದಲರ್ಧವನ್ನು ಮಾತ್ರ ಹಿಡಿದುಕೊಂಡು, ಬಡತನ ಇದ್ದದ್ದೇ ಎಂದು ಸುಮ್ಮನಾಗುವವರು ನಮ್ಮಲ್ಲಿ ಕಡಮೆಯಿಲ್ಲ.

ಇಸ್ರಯೇಲರ ನಡವಳಿಕೆಯ ಚರಿತ್ರೆಯು ಈ ಆರನೆಯ ವರ್ಷದ ಚರಿತ್ರೆಯೇ ಎನ್ನಬಹುದು. ಜೆರುಸಲೇಮಿಗೆ ಮುತ್ತಿಗೆ ಬಿದ್ದಾಗ ಚಿದ್ಕೀಯ ಅರಸನ ಕಾಲದ ಧನಿಕರು ಒಡಂಬಡಿಕೆ ಮಾಡಿ ತಮ್ಮ ಹೀಬ್ರೂ ದಾಸದಾಸಿಯರನ್ನು ಬಿಡುಗಡೆ ಮಾಡಿದರು. ಮುತ್ತಿಗೆ ಸ್ವಲ್ಪ ಸಡಿಲವಾದೊಡನೆ ಅವರನ್ನೇ ಮರಳಿ ಹಿಡಿದು ತಂದರು. ಯೆರೆಮೀಯರ 34ನೆಯ ಅಧ್ಯಾಯದ ಕೋಪಕ್ಕೆ ಇದೇ ಕಾರಣ. ಕ್ರಿ.ಪೂ. 445ರಲ್ಲಿ ರಾಜ್ಯಪಾಲನಾಗಿ ಬಂದ ನೆಹೆಮೀಯನಿಗೆ ಕಂಡದ್ದೂ ಇಂಥದೇ ದೃಶ್ಯ: ಬರಗಾಲದಲ್ಲಿ ಕಾಳಿಗಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟವರು; ಪರ್ಷಿಯದ ಅರಸನ ತೆರಿಗೆ ಕಟ್ಟಲು ಸಾಲ ಮಾಡಿದವರು; ಹೆಣ್ಣುಮಕ್ಕಳನ್ನು ದಾಸ್ಯಕ್ಕೆ ಕೊಟ್ಟವರು. ನೆಹೆಮೀಯನು ಸಭೆ ಸೇರಿಸಿ, ತಾನೂ ತನ್ನ ಬಂಧುಗಳೂ ಹಣವನ್ನೂ ಧಾನ್ಯವನ್ನೂ ಸಾಲವಾಗಿ ಕೊಟ್ಟಿರುವುದನ್ನು ಎಲ್ಲರೆದುರು ಹೇಳಿದನು. ಆಮೇಲೆ ಹೊಲ ಮನೆಗಳನ್ನು ಈ ದಿನವೇ ಹಿಂದೆ ಕೊಡಿರೆಂದನು, ಯಾಜಕರ ಮುಂದೆ ಪ್ರಮಾಣ ಮಾಡಿಸಿದನು. ಏಳನೆಯ ವರ್ಷಕ್ಕೆ ಕಾಯಲಿಲ್ಲ. ಮುಂದೆ ಅದೇ ಪುಸ್ತಕದ 10ನೆಯ ಅಧ್ಯಾಯದಲ್ಲಿ ಜನರು ಏಳನೆಯ ವರ್ಷದ ಬಿಡುಗಡೆಯನ್ನು ಪಾಲಿಸುವೆವೆಂದು ಬರೆದುಕೊಟ್ಟು ಮುದ್ರೆ ಹಾಕಿದರು. ಏಳನೆಯ ವರ್ಷ ನಿಜಕ್ಕೂ ಪಾಲನೆಯಾಗುತ್ತಿತ್ತು ಎನ್ನಲು ಮಕ್ಕಬಿಯರ ಮೊದಲನೆಯ ಪುಸ್ತಕ ಸಾಕ್ಷಿ: ಹೊಲ ಬೀಳುಬಿಟ್ಟ ವರ್ಷವಾದುದರಿಂದ ಬೆತ್ಸೂರಿನವರು ಆಹಾರವಿಲ್ಲದೆ ಶತ್ರುವಿಗೆ ಕೋಟೆಯನ್ನು ಬಿಟ್ಟುಕೊಡಬೇಕಾಯಿತು.

ಯೇಸುಸ್ವಾಮಿಯ ಜನನಕ್ಕೆ ಕೆಲವು ದಶಕಗಳ ಮುಂಚೆ ಹಿಲ್ಲೇಲ್ ಎಂಬ ಮಹಾಗುರು, ಏಳನೆಯ ವರ್ಷಕ್ಕೆ ಹೆದರಿ ಜನರು ಬಡವರಿಗೆ ಸಾಲವನ್ನೇ ಕೊಡುತ್ತಿಲ್ಲವೆಂದು ಕಂಡು, ‘ಪ್ರೊಸ್ಬುಲ್’ ಎಂಬ ವ್ಯವಸ್ಥೆ ಮಾಡಿದರೆಂದು ಮಿಷ್ನಾ ದಾಖಲಿಸುತ್ತದೆ. ಸಾಲವನ್ನು ನ್ಯಾಯಾಲಯಕ್ಕೆ ಒಪ್ಪಿಸಿಬಿಟ್ಟರೆ ಅದು ಬಿಡುಗಡೆಯ ವರ್ಷಕ್ಕೆ ಒಳಪಡದು. ಸಂತಹೃದಯದವರೆಂದು ಹೆಸರಾದ ಹಿಲ್ಲೇಲರು ಬಡವರ ಒಳಿತಿಗಾಗಿಯೇ ಇದನ್ನು ಮಾಡಿದರು. ಅವರನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಆದರೆ ಫಲ? ಮೃತ ಸಮುದ್ರದ ಬಳಿಯ ಮುರಬ್ಬಾತ್ ಗುಹೆಯಲ್ಲಿ ಸಿಕ್ಕ, ನೀರೋ ಚಕ್ರವರ್ತಿಯ ಎರಡನೆಯ ವರ್ಷದ ಸಾಲಪತ್ರವೊಂದರಲ್ಲಿ ಬಿಡುಗಡೆಯ ವರ್ಷವಾದರೂ ತೀರಿಸುವೆನೆಂದು ಸಾಲಗಾರನೇ ಬರೆದುಕೊಟ್ಟಿದ್ದಾನೆ. ಅದಾಗಿ ಹತ್ತು ವರ್ಷದಲ್ಲಿ, ಕ್ರಿ.ಶ. 66ರಲ್ಲಿ, ಜೆರುಸಲೇಮಿನಲ್ಲಿ ದಂಗೆಯೆದ್ದವರು ಸಾಲಪತ್ರಗಳಿದ್ದ ದಾಖಲೆಗಳ ಕಟ್ಟಡಕ್ಕೆ ಬೆಂಕಿಯಿಟ್ಟರೆಂದು ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ.

ಇನ್ನು ನಮ್ಮ ನಾಡು. ‘ಅಗ್ರಹಾರ’ ಎಂಬ ನಮ್ಮ ಬಡಾವಣೆಯ ಹೆಸರೇ ಒಂದು ಬಗೆಯ ಮನ್ನಾವನ್ನು ಸೂಚಿಸುತ್ತದೆ. ಅರಸರು ತೆರಿಗೆಯಿಲ್ಲದೆ ವಿದ್ವಾಂಸರಾದ ಬ್ರಾಹ್ಮಣರಿಗೆ ಬಿಟ್ಟುಕೊಟ್ಟ ನೆಲೆ ಅಗ್ರಹಾರ. ವಿದ್ಯೆಗೆ ಸಂದ ಮನ್ನಾ ಅದು. ಸಾಲದಲ್ಲಿ ಮುಳುಗಿದವನಿಗೆ ಸಂದ ಮನ್ನಾವನ್ನು ಹುಡುಕುವುದಾದರೆ ನಾವು 1976ಕ್ಕೆ ಬರಬೇಕು. ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ ಜಾರಿಯಾದ ಕರ್ನಾಟಕ ಋಣಪರಿಹಾರ ಅಧಿನಿಯಮವು ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು, ಅಲ್ಪ ಆದಾಯದ ದುರ್ಬಲ ವರ್ಗದವರು ಖಾಸಗಿಯವರಿಂದ ಅದುವರೆಗೆ ಪಡೆದಿದ್ದ ಸಾಲವನ್ನು ತೀರಿತೆಂದೇ ಘೋಷಿಸಿತು. ಗಿರವಿ ಇಟ್ಟ ಪಾತ್ರೆ, ಒಡವೆಗಳನ್ನು ಹಿಂದಿರುಗಿಸಬೇಕೆಂದಿತು. ಇಂಥದೇ ಮಹಾರಾಷ್ಟ್ರದ ಕಾನೂನನ್ನು ಲೇವಾದೇವಿಗಾರರು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 1977ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು; ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಹೊದಿಕೆ ಮನೆಗೆ ಮರಳಿತು ಎಂದೇ ಹೇಳಬೇಕು. ಆದರೆ ಆ ಕಾಲವನ್ನು ಕಂಡ ಹಿರಿಯರು ಇನ್ನೊಂದು ಮಾತನ್ನೂ ಹೇಳುವುದುಂಟು: ಪಾತ್ರೆ ಬಂದಿತು, ಮುಂದಿನ ಬಿತ್ತನೆಗೆ ಮಾತ್ರ ಯಾರೂ ಕಾಸು ಕೊಡಲಿಲ್ಲ, ಕೊಟ್ಟವರು ಸಾಲಪತ್ರದ ಬದಲು ಕ್ರಯಪತ್ರಕ್ಕೇ ಹೆಬ್ಬೆಟ್ಟು ಒತ್ತಿಸಿಕೊಂಡರು.

2018ರ ಋಣಪರಿಹಾರ ಅಧಿನಿಯಮವು 2019ರ ಜುಲೈಯಲ್ಲಿ ಜಾರಿಗೆ ಬಂದು, ಎರಡು ಹೆಕ್ಟೇರ್ ಮೀರದ ಸಣ್ಣ ರೈತರಿಗೆ, ಭೂರಹಿತ ಕೃಷಿ ಕಾರ್ಮಿಕರಿಗೆ, ವಾರ್ಷಿಕ 1.20 ಲಕ್ಷ ರೂಪಾಯಿ ಮೀರದ ಆದಾಯದ ದುರ್ಬಲರಿಗೆ ಮತ್ತೊಮ್ಮೆ ಅದೇ ಬಿಡುಗಡೆಯನ್ನು, ಒಂದು ಬಾರಿಗೆ ಮಾತ್ರ, ನೀಡಿತು. ಬ್ಯಾಂಕು, ಸಹಕಾರ ಸಂಘಗಳ ಸಾಲ ಇದಕ್ಕೆ ಒಳಪಡಲಿಲ್ಲ. ಅವುಗಳಿಗೆ ಪ್ರತ್ಯೇಕವಾಗಿ 1990, 2008, 2017, 2018ರಲ್ಲಿ ಮನ್ನಾಗಳು ಬಂದವು, ಕೆಲವು ಕೇಂದ್ರದಿಂದ, ಕೆಲವು ರಾಜ್ಯದಿಂದ. ಇವು ಯಾವುವೂ ಬೇಡವಾಗಿದ್ದವೆಂದು ನಾವು ಹೇಳೆವು. ಆದರೆ ಇವೆಲ್ಲವೂ ಬಾಬಿಲೋನಿನ ಮಾದರಿಯವು. ಸಿಂಹಾಸನ ಅಲುಗಿದಾಗ, ಚುನಾವಣೆ ಬಂದಾಗ, ಭಾವಚಿತ್ರ ಸಹಿತ ಇಳಿದುಬರುವವು. ಪಹಣಿಯೂ ಬ್ಯಾಂಕಿನ ಪುಸ್ತಕವೂ ಇಲ್ಲದ ಕೂಲಿಯವಳಿಗೆ ಬೆಳೆಸಾಲದ ಮನ್ನಾ ತಲುಪುವುದೇ ಇಲ್ಲ.

ಅವಳಿಗೆ ಉಳಿದಿರುವುದು ಕಿರುಸಾಲದ ಗುಂಪು. ಅಗ್ರಹಾರದ ವೃತ್ತದಿಂದ ಪೇಟೆಯ ಕಡೆಗೆ ನಡೆದು ಹೋಗುವಾಗ ಚಿನ್ನದ ಮೇಲೆ ನಿಮಿಷದಲ್ಲಿ ಸಾಲ ಎಂಬ ಫಲಕಗಳನ್ನು ಎಲ್ಲರೂ ನೋಡುತ್ತೇವೆ. ಅಡವಿಡಲು ಚಿನ್ನವೂ ಇಲ್ಲದವರ ಸಾಲ ಅಷ್ಟಾಗಿ ಕಣ್ಣಿಗೆ ಬೀಳದು. ಹತ್ತಾರು ಹೆಂಗಸರು ಒಬ್ಬರಿಗೊಬ್ಬರು ಜಾಮೀನಾಗುತ್ತಾರೆ. ಒಬ್ಬಳು ವಾರದ ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಆದುದರಿಂದ ವಸೂಲಿಗಾರನು ಒಳಗೆ ಬರುವ ಅಗತ್ಯವೇ ಇಲ್ಲ. ನೆರೆಯವರೇ, ಒಂದೇ ಪೀಠದ ಮುಂದೆ ಪರಮಪ್ರಸಾದ ಸ್ವೀಕರಿಸಿದವರೇ, ಹೊಸ್ತಿಲು ದಾಟಿ ಬಂದು ಸಂಜೆಯವರೆಗೆ ಕುಳಿತುಕೊಳ್ಳುತ್ತಾರೆ. ಧರ್ಮಕೇಂದ್ರದ ಕಚೇರಿಗೆ ಬಂದು ಇದನ್ನು ಹೇಳಿಕೊಂಡು ಅತ್ತವರಿದ್ದಾರೆ. ಹಾಗೆ ಕುಳಿತವರೂ ಬಂದು ಅತ್ತಿದ್ದಾರೆ, ಏಕೆಂದರೆ ಅವರ ಕಂತೂ ಬಾಕಿಯಿತ್ತು. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ ವಿಧಿಯನ್ನು ಇದಕ್ಕಿಂತ ಜಾಣತನದಿಂದ ಮೀರುವ ಉಪಾಯವನ್ನು ಪ್ರಾಚೀನರು ಕಂಡುಹಿಡಿದಿರಲಿಲ್ಲ.

2025ರ ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಪಡೆದ ಕಿರುಸಾಲ ಮತ್ತು ಸಣ್ಣ ಸಾಲದ ಬಲವಂತದ ಕ್ರಮಗಳ ತಡೆಯ ಸುಗ್ರೀವಾಜ್ಞೆಯೂ, ಮಾರ್ಚಿಯಲ್ಲಿ ಶಾಸನಸಭೆ ಒಪ್ಪಿದ ಕಾನೂನೂ ಈ ಹೊಸ್ತಿಲನ್ನೇ ಕಾಯಲು ಹೊರಟಂಥವು. ಬೆದರಿಕೆ, ಹಿಂಬಾಲಿಕೆ, ದಾಖಲೆಗಳನ್ನು ಕಿತ್ತುಕೊಳ್ಳುವಿಕೆಗಳಿಗೆ ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ. ನೋಂದಣಿಯಿಲ್ಲದ ಸಾಲಿಗರು ದುರ್ಬಲರಿಗೆ ಕೊಟ್ಟ ಸಾಲ ಬಡ್ಡಿ ಸಹಿತ ರದ್ದು. ಸಾಲದ ಮೊತ್ತಕ್ಕಿಂತ ವಸೂಲಿಯ ರೀತಿಯನ್ನು ಮುಟ್ಟಿದ ಈ ಕಾನೂನು, ನಮ್ಮ ಅಭಿಪ್ರಾಯದಲ್ಲಿ, ಹಿಂದಿನ ಎಷ್ಟೋ ಮನ್ನಾಗಳಿಗಿಂತ ಮೋಶೆಯ ಶಾಸನಕ್ಕೆ ಸಮೀಪವಾದದ್ದು. ಆದರೂ ಆರನೆಯ ವರ್ಷದ ಪ್ರಶ್ನೆ ಹಾಗೆಯೇ ನಿಂತಿದೆ: ನಾಳೆ ಮಗುವಿನ ಜ್ವರಕ್ಕೆ ಐದು ಸಾವಿರ ಬೇಕಾದಾಗ ಅವಳು ಯಾರಲ್ಲಿ ಕೇಳಬೇಕು?

ಈ ಪ್ರಶ್ನೆಗೆ ಕಾನೂನಿನಿಂದ ಪೂರ್ಣ ಉತ್ತರ ಸಿಗದೆಂದು ಧರ್ಮಸಭೆಯು ಬಹಳ ಹಿಂದೆಯೇ ಅರಿತಿತ್ತು. 1462ರಲ್ಲಿ ಇಟಲಿಯ ಪೆರೂಜಿಯಾ ಪಟ್ಟಣದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರಯತ್ನದಿಂದ ಬಡವರಿಗಾಗಿ ಅಡವಿನ ಸಾಲದ ನಿಧಿಯೊಂದು ತೆರೆಯಿತು. ಖರ್ಚಿಗೆ ಸಾಲುವಷ್ಟು ಅಲ್ಪ ಮೊತ್ತವನ್ನು ಮಾತ್ರ ಅದು ತೆಗೆದುಕೊಳ್ಳುತ್ತಿತ್ತು. ಅದೂ ಬಡ್ಡಿಯೇ ಎಂದು ವಾದಿಸಿದ ದೇವಶಾಸ್ತ್ರಜ್ಞರೂ ಇದ್ದರು. 1515ರಲ್ಲಿ ಲಾತೆರಾನ್ ಮಹಾಸಭೆಯು ಅಂಥ ನಿಧಿಗಳನ್ನು ಸಮ್ಮತವೆಂದು ಘೋಷಿಸಿತು. ನಮ್ಮ ಮೈಸೂರು ಧರ್ಮಪ್ರಾಂತ್ಯದ ಒ.ಡಿ.ಪಿ. ಸಂಸ್ಥೆಯು ಹಳ್ಳಿಗಳಲ್ಲಿ ಕಟ್ಟಿರುವ ಮಹಿಳಾ ಸ್ವಸಹಾಯ ಸಂಘಗಳು ಇದೇ ವಂಶದವು. ಅಲ್ಲಿ ಉಳಿತಾಯವೂ ಹೆಂಗಸರದೇ, ಸಾಲದ ನಿರ್ಧಾರವೂ ಅವರದೇ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಹುಂಡಿಗೆ ಹಾಕುವ ನಮ್ಮ ಕುಟುಂಬಗಳು, ಹಿಂದೆ ಬರಬಹುದಾದ ಸಾಲಕ್ಕೂ ಒಂದು ಸಣ್ಣ ನಿಧಿಯನ್ನು ಧರ್ಮಕೇಂದ್ರದಲ್ಲಿ ಕಟ್ಟಬಲ್ಲವು. ದಾನ ಪಡೆಯಲು ಸಂಕೋಚಪಡುವವರು ಸಾಲ ಪಡೆಯಲು ತಲೆಯೆತ್ತಿ ಬರುತ್ತಾರೆ.

ಕೊನೆಯದಾಗಿ ಅದೇ 15ನೆಯ ಅಧ್ಯಾಯದ ಹೆಚ್ಚು ಓದದ ಭಾಗವೊಂದಿದೆ. ಸಾಲಕ್ಕಾಗಿ ದಾಸನಾದವನು ಏಳನೆಯ ವರ್ಷದಲ್ಲಿ ಬಿಡುಗಡೆಯಾಗುವಾಗ ಅವನನ್ನು ಬರಿಗೈಯಲ್ಲಿ ಕಳುಹಿಸಬಾರದು. ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಆಲೆಯಿಂದ ಹೊರಿಸಿ ಕಳುಹಿಸಬೇಕು. ನಮ್ಮ ದೇಶದಲ್ಲಿ 1975ರ ಅಕ್ಟೋಬರ್ ತಿಂಗಳ ಸುಗ್ರೀವಾಜ್ಞೆಯಿಂದಲೂ 1976ರ ಅಧಿನಿಯಮದಿಂದಲೂ ಜೀತ ರದ್ದಾಯಿತು, ಅದರ ಸಾಲವೂ ಅಳಿಯಿತು. ಬರಿಗೈಯಲ್ಲಿ ಹೊರಬಂದವನು ಮರುವರ್ಷ ಅದೇ ಒಡೆಯನ ಬಾಗಿಲಿಗೆ ಹೋಗುವನೆಂಬುದು ಬೇಗನೆ ಅರಿವಾಗಿ, 1978ರಲ್ಲಿ ಪುನರ್ವಸತಿಗೆಂದು ತಲಾ 4,000 ರೂಪಾಯಿಗಳ ಯೋಜನೆ ಬಂದಿತು. 2016ರಲ್ಲಿ ಅದನ್ನು ಪುರುಷರಿಗೆ ಒಂದು ಲಕ್ಷಕ್ಕೂ ಮಹಿಳೆಯರು ಮತ್ತು ಮಕ್ಕಳಿಗೆ ಎರಡು ಲಕ್ಷಕ್ಕೂ ಏರಿಸಲಾಯಿತು. ಇಟ್ಟಿಗೆಯ ಗೂಡುಗಳಲ್ಲಿ, ತೋಟಗಳಲ್ಲಿ ‘ಮುಂಗಡ’ ಎಂಬ ಹೆಸರಿನಲ್ಲಿ ಜೀತ ಇನ್ನೂ ಉಸಿರಾಡುತ್ತಿದೆ. ಮನೆಗೆಲಸದವಳಿಗೆ ಮಗಳ ಮದುವೆಗೆಂದು ಕೊಟ್ಟ ಮುಂಗಡವನ್ನು ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುತ್ತ, ಅದು ತೀರುವವರೆಗೆ ಬೇರೆಡೆಗೆ ಹೋಗದಂತೆ ಕಟ್ಟಿಹಾಕಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಜೀತದಿಂದ ಬಿಡುಗಡೆಯ ಪತ್ರಕ್ಕೆ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಬರೆಯಲು ಬಾರದವರ ಪರವಾಗಿ ಬೇರೆಯವರೂ ವಿಷಯ ತಿಳಿಸಬಹುದು. ಮನೆಗೆಲಸದವಳ ಮುಂಗಡಕ್ಕಾದರೆ ಯಾವ ಕಚೇರಿಗೂ ಹೋಗಬೇಕಾಗಿಲ್ಲ. ಲೆಕ್ಕದ ಪುಸ್ತಕ ಮನೆಯಲ್ಲೇ ಇದೆ.